ಅಹಮದಾಬಾದಿನ ಮಳೆಗೂ ಒಂದು ಥ್ಯಾಂಕ್ಸ್

ನಿನ್ನೆ, 2023ರ ಮೇ 28ರ ರಾತ್ರಿ ಹನ್ನೊಂದರ ಹೊತ್ತಿಗೆ, ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್‌ನಲ್ಲಿ ನಮ್ಮ ಎವರ್ಟನ್ ತಂಡ ಉಳಿದುಕೊಂಡಿತು. 36 ಪಾಯಿಂಟ್, 17ನೇ ಸ್ಥಾನ. ಇಪ್ಪತ್ತು ತಂಡಗಳಲ್ಲಿ ಕೊನೆಯ ಮೂರು ಕೆಳಗಿನ ಡಿವಿಜನ್‌ಗೆ ಇಳಿಯಬೇಕು, ನಾವು ಅವರ ನೆತ್ತಿಯ ಮೇಲೆ ಕೂತಿದ್ದೇವೆ. ಇಷ್ಟಕ್ಕೆ ಯಾರಾದರೂ ಕುಣೀತಾರಾ ಅಂದರೆ, ನಾನು ಕುಣಿದೆ. 1954ರಿಂದ ಒಮ್ಮೆಯೂ ಇಳಿಯದ ತಂಡ ಇದು. ಅದು ಈ ವರ್ಷ ಇಳಿದೇಬಿಡುತ್ತದೆ ಅಂತ ಜನವರಿಯಿಂದ ಮನೆಯವರ ಪ್ರಾಣ ತಿಂದಿದ್ದೇನೆ. ಒಬ್ಬೊಬ್ಬರಿಗೂ ಥ್ಯಾಂಕ್ಸ್ ಹೇಳಬೇಕಾದ್ದಿದೆ.

ಮೊದಲು ಅತ್ತೆಗೆ. "ಇಳಿಸೋದು ಅಂದ್ರೆ ಏನಮ್ಮಾ?" ಅಂತ ಕೇಳಿದರು. ಹೇಳಿದೆ. "ಫೇಲಾದ್ರೆ ಅದೇ ಕ್ಲಾಸಲ್ಲಿ ಕೂರಿಸ್ತಾರೆ, ಕೆಳಗಿನ ಕ್ಲಾಸಿಗೆ ಕಳಿಸೋದು ಯಾವ ನ್ಯಾಯ?" ಅಂದರು. ಟೀಚರ್ ಆದ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತಿನಿಂದ ಪ್ರತಿ ಮ್ಯಾಚಿನ ಮರುದಿನ ಬೆಳಗ್ಗೆ, ಕಾಫಿ ಲೋಟ ಕೈಗಿಡುವ ಮೊದಲು ನನ್ನ ಮುಖ ನೋಡುತ್ತಿದ್ದರು. ಸೋತಿದ್ದರೆ ಏನೂ ಕೇಳುತ್ತಿರಲಿಲ್ಲ, ಕಾಫಿಗೆ ಸಕ್ಕರೆ ಸ್ವಲ್ಪ ಜಾಸ್ತಿ ಇರುತ್ತಿತ್ತು. ಎಷ್ಟು ಸಕ್ಕರೆ ತಿಂದಿದ್ದೇನೋ ಈ ವರ್ಷ!

ಯಜಮಾನರಿಗೆ, ಮೇ 2ರ ನಡುರಾತ್ರಿಗಾಗಿ. ನಮ್ಮ ಹಾಗೇ ಇಳಿಯುವ ಭಯದಲ್ಲಿದ್ದ ಲೆಸ್ಟರ್ ಮೇಲಿನ ಮ್ಯಾಚ್ ಶುರುವಾದದ್ದೇ ಹನ್ನೆರಡೂವರೆಗೆ. ಟಿವಿ ಮ್ಯೂಟ್ ಮಾಡಿಕೊಂಡು ನೋಡುತ್ತಿದ್ದೆ. 2-1 ಹಿಂದಿದ್ದೇವೆ, ಹಾಫ್ ಟೈಮ್ ಹತ್ತಿರ ಬಂದಿದೆ, ಅವರಿಗೆ ಪೆನಾಲ್ಟಿ. ಮ್ಯಾಡಿಸನ್ ಒದ್ದ. ನಮ್ಮ ಗೋಲ್‌ಕೀಪರ್ ಪಿಕ್‌ಫರ್ಡ್ ಎಡಕ್ಕೂ ಹಾರಲಿಲ್ಲ, ಬಲಕ್ಕೂ ಹಾರಲಿಲ್ಲ. ಗೂಟ ಹೊಡೆದ ಹಾಗೆ ನಡುವೆಯೇ ನಿಂತ. ಚೆಂಡು ನೇರ ಅವನ ಹತ್ತಿರವೇ ಬಂತು. ಆಮೇಲೆ ಗೊತ್ತಾಯಿತು, ಯಾರು ಎತ್ತ ಒದೆಯುತ್ತಾರೆ ಅನ್ನುವುದನ್ನು ನೀರಿನ ಬಾಟಲಿಯ ಮೇಲೆ ಬರೆದಿಟ್ಟುಕೊಂಡಿದ್ದನಂತೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಎಷ್ಟೋ ಕಾಪಿ ಚೀಟಿ ಹಿಡಿದವಳು ನಾನು, ಇದೊಂದಕ್ಕೆ ಮಾತ್ರ ಮಾಫಿ. ಮ್ಯಾಚು 2-2. ನಾನು ಚೀರಿದ್ದಕ್ಕೆ ಇವರು ಎದ್ದು ಕೂತು "ಕಳ್ಳರಾ?" ಅಂದರು. ಬೈಯಲಿಲ್ಲ, ಅದು ದೊಡ್ಡದು.

ಎಲೆಕ್ಷನ್ ಡ್ಯೂಟಿಯಲ್ಲಿ ನಮ್ಮ ಪಿಆರ್‌ಒ, ಅಂದರೆ ಮತಗಟ್ಟೆಯ ಮುಖ್ಯ ಅಧಿಕಾರಿ, ಆಗಿದ್ದ ಮೇಡಂಗೆ. 8ನೇ ತಾರೀಖು ಸಂಜೆ ಬಹಿರಂಗ ಪ್ರಚಾರ ಮುಗಿದು ಊರು ತಣ್ಣಗಾಗಿತ್ತು. ಹತ್ತು ಗಂಟೆಗೆ ಬ್ರೈಟನ್ ಮೇಲೆ ಮ್ಯಾಚ್. ಹಾಲಿಗೆ ಹೆಪ್ಪು ಹಾಕಿ ಬರುವಷ್ಟರಲ್ಲಿ ನಮ್ಮ ಡುಕೂರೆ ಗೋಲು ಹೊಡೆದಾಗಿತ್ತು, ಬರೀ 34 ಸೆಕೆಂಡಿನಲ್ಲಿ! ಯಾರೂ ನೆಚ್ಚಿಕೊಳ್ಳದ ಮ್ಯಾಚನ್ನು 5-1ರಿಂದ ಗೆದ್ದೆವು. ಮಲಗಿದರೂ ನಿದ್ದೆ ಎಲ್ಲಿ ಬರಬೇಕು? ಬೆಳಗ್ಗೆ, ಮತಗಟ್ಟೆಗೆ ಹೊರಡುವ ಮುಂಚೆ ಸಾಮಗ್ರಿ ಕೊಡುವ ಮಸ್ಟರಿಂಗ್ ಕೇಂದ್ರದಲ್ಲಿ ಕೂತಲ್ಲೇ ತೂಕಡಿಸುತ್ತಿದ್ದೆ. ಮೇಡಂ ಕವರ್‌ಗಳನ್ನೆಲ್ಲ ತಾವೇ ತಾಳೆ ನೋಡಿ, ಬಸ್ಸಿನಲ್ಲಿ ನನಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರು. ಜ್ವರ ಅಂದುಕೊಂಡಿದ್ದರು. ಮೇಡಂ, ಅದು ಜ್ವರ ಅಲ್ಲ, ಕ್ಷಮಿಸಿ.

ಡುಕೂರೆಗೂ ಒಂದು ಮಾತು. ಹಿಂದಿನ ಮ್ಯಾನೇಜರ್ ಲ್ಯಾಂಪರ್ಡ್ ಜೊತೆ ಜಟಾಪಟಿಯಾಗಿ ತಂಡದಿಂದ ದೂರ ಕೂತಿದ್ದ ಮನುಷ್ಯ. ಜನವರಿ ಕೊನೆಗೆ ಬಂದ ಶಾನ್ ಡೈಶ್ ಅವನನ್ನು ಮತ್ತೆ ಕರೆದುಕೊಂಡರು. ನಿನ್ನೆ ಬೋರ್ನ್‌ಮತ್ ಮೇಲೆ 57ನೇ ನಿಮಿಷದಲ್ಲಿ, ಪೆನಾಲ್ಟಿ ಬಾಕ್ಸಿನ ಅಂಚಿನಿಂದ ಗೋಲು ಹೊಡೆದು ನಮ್ಮನ್ನು ಉಳಿಸಿದವನು ಅವನೇ. ಆ ಹೊತ್ತಿಗೆ ಅತ್ತ ಇನ್ನೊಂದು ಮ್ಯಾಚಿನಲ್ಲಿ ಲೆಸ್ಟರ್ ಮುಂದಿತ್ತು, ನಾವು 18ಕ್ಕೆ ಜಾರಿದ್ದೆವು. ಕೊನೆಗೆ ಹತ್ತು ನಿಮಿಷ ಹೆಚ್ಚುವರಿ ಕೊಟ್ಟಾಗ ನನಗೆ ಕೂರಲಾಗದೆ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಇನ್ನು ಮಾವ. ನಿನ್ನೆ ಐಪಿಎಲ್ ಫೈನಲ್, ಧೋನಿ ತಂಡ. ಟಿವಿ ನನಗೆ ಸಿಗುವ ಮಾತೇ ಇರಲಿಲ್ಲ. ಮೊಬೈಲಿನಲ್ಲೇ ನೋಡುವುದೆಂದು ಚಾರ್ಜ್ ಮಾಡಿಟ್ಟುಕೊಂಡಿದ್ದೆ. ಅಹಮದಾಬಾದಿನಲ್ಲಿ ಮಳೆ ಹಿಡಿಯಿತು, ಟಾಸ್ ಕೂಡ ಆಗಲಿಲ್ಲ. ಒಂಬತ್ತಕ್ಕೆ ಮಾವ ರಿಮೋಟ್ ನನ್ನ ಕಡೆ ಚಾಚಿ, "ಅಲ್ಲಿ ಮಳೆ ನಿಲ್ಲೋವರೆಗೆ ನಿಮ್ಮ ನೀಲಿಯೋರನ್ನ ನೋಡೋಣ" ಅಂದರು. ಜಾಹೀರಾತು ಬಂದಾಗಲೆಲ್ಲ ಮೊಬೈಲಿನಲ್ಲಿ ಮಳೆ ವಿಚಾರಿಸಿಕೊಂಡರು. ಆದರೆ ಆ ಕೊನೆಯ ಹತ್ತು ನಿಮಿಷ ವಿಚಾರಿಸಲಿಲ್ಲ. ನಾನು ಪಾತ್ರೆ ತೊಳೆಯುತ್ತಿದ್ದಾಗ ಹಾಲ್‌ನಿಂದ ಕೂಗಿದವರು ಅವರೇ: "ಬಾರಮ್ಮಾ, ಮುಗೀತು, ಉಳಿದ್ರು!"

ಫೈನಲ್ ಇವತ್ತಿಗೆ ಹೋಗಿದೆ. ಟಿವಿ ಮಾವನದು. ಕಾಫಿ, ಬಿಸಿ ಮೆಣಸಿನಕಾಯಿ ಬಜ್ಜಿ ನನ್ನ ಲೆಕ್ಕ.