ಡಲ್ಲಾಸ್ ಬಿಟ್ಟು ಬಂದದ್ದಕ್ಕೆ ಅಪ್ಪನನ್ನು ದೂರಬೇಡ

ಚಿ. ಅನನ್ಯಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರದಲ್ಲಿ ಉಳಿದದ್ದನ್ನೆಲ್ಲ ಸಮಾಧಾನದಿಂದ ಓದಿದೆ. ‘ಅಪ್ಪ ಟೆಕ್ಸಾಸಿನ ಡಲ್ಲಾಸ್ ಬಿಟ್ಟು ನ್ಯೂಜೆರ್ಸಿಗೆ ಬಾರದೇ ಇದ್ದಿದ್ದರೆ ಮೆಕಾಂಬ್ಸ್‌ನಲ್ಲಿ ನನಗೆ ಖಂಡಿತ ಸೀಟು ಸಿಗುತ್ತಿತ್ತು’ ಎಂದು ಬರೆದೆಯಲ್ಲ, ಆ ಸಾಲು ನಿದ್ದೆಗೆಡಿಸಿತು.

ನಿನ್ನ ಭಯ ಸುಳ್ಳಲ್ಲ ಪುಟ್ಟಿ. ಮೆಕಾಂಬ್ಸ್ ಬಿಸಿನೆಸ್ ಸ್ಕೂಲ್ ಇರುವ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ಶೇ 90ರಷ್ಟು ಸೀಟುಗಳು ಟೆಕ್ಸಾಸಿನವರಿಗೇ ಹೋಗಬೇಕೆಂದು ರಾಜ್ಯದ ಕಾನೂನೇ ಇದೆ. ಮಿಕ್ಕ ಶೇ 10ಕ್ಕೆ ಹೊರರಾಜ್ಯದವರೂ ಹೊರದೇಶದವರೂ ಒಟ್ಟಿಗೇ ಪೈಪೋಟಿ ನಡೆಸಬೇಕು. ಇದನ್ನು ಮುಚ್ಚಿಟ್ಟು ನಿನಗೆ ಧೈರ್ಯ ಹೇಳಲಾರೆ. ಆದರೆ ಆ ‘ಖಂಡಿತ’ವನ್ನು ನಾನು ಒಪ್ಪುವುದಿಲ್ಲ. 1997ರ ಕಾನೂನು ಟೆಕ್ಸಾಸಿನ ಶಾಲೆಗಳಲ್ಲಿ ಮುಂದಿರುವ ಮಕ್ಕಳಿಗೆ ನೇರ ಪ್ರವೇಶ ಕೊಡುತ್ತದೆ, ನಿಜ. ಮೊದಲು ತರಗತಿಯ ಮೇಲಿನ ಶೇ 10ರವರಿಗೆ ಇದ್ದದ್ದು ಆಸ್ಟಿನ್‌ನಲ್ಲಿ 2026ರಿಂದ ಶೇ 5ಕ್ಕೆ ಇಳಿದಿದೆ. ಅದೂ ವಿಶ್ವವಿದ್ಯಾಲಯಕ್ಕೆ ಮಾತ್ರ, ಬಿಸಿನೆಸ್ ಸ್ಕೂಲಿಗಲ್ಲ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳೂ ಮೆಕಾಂಬ್ಸ್ ಸಿಗದೆ ಅರ್ಥಶಾಸ್ತ್ರಕ್ಕೆ ಸೇರುವುದುಂಟು. ನೀನು ಡಲ್ಲಾಸಿನಲ್ಲೇ ಉಳಿದಿದ್ದರೂ ಇದೇ ಆತಂಕ ಇರುತ್ತಿತ್ತು.

ತಾತನ ರೈಲ್ವೆ ವರ್ಗಾವಣೆಗಳ ಕಥೆ ನಿನಗೆ ಗೊತ್ತೇ ಇದೆ. ಗೊತ್ತಿಲ್ಲದ ಒಂದು ಮಾತು ಹೇಳುತ್ತೇನೆ. ನನ್ನ ಎಂಜಿನಿಯರಿಂಗ್ ಸೀಟಿಗಾಗಿ ಅವರು ವರ್ಗಾವಣೆ ಆದೇಶಗಳನ್ನೆಲ್ಲ ಚಾಪೆಯ ಮೇಲೆ ಹರಡಿಕೊಂಡು, ನಾನು ಕರ್ನಾಟಕದಲ್ಲಿ ಓದಿದ ವರ್ಷಗಳನ್ನು ಪೆನ್ಸಿಲಿನಲ್ಲಿ ಅಂಚಿಗೆ ಗುರುತು ಹಾಕಿ ಕೂಡುತ್ತಿದ್ದರು. ಸೋಲಾಪುರ, ದೌಂಡ್, ಮತ್ತೆ ಸೋಲಾಪುರ. ಎಷ್ಟು ಸಲ ಕೂಡಿದರೂ ಲೆಕ್ಕ ಹೊಂದಲಿಲ್ಲ. ಹೊರನಾಡ ಕನ್ನಡಿಗರಿಗಿದ್ದ ಬೆರಳೆಣಿಕೆಯ ಸೀಟುಗಳಿಗೆ ನನ್ನ ಅಂಕಗಳು ಸಾಲುತ್ತಿರಲಿಲ್ಲ. ಅಂಕಗಳ ವಿಷಯವನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ತನ್ನ ನೌಕರಿಯೇ ಮಗನಿಗೆ ಮುಳುವಾಯಿತೆಂದು ಅವರು ಕೊನೆಯವರೆಗೂ ನಂಬಿದ್ದರು. ಹಾಗಲ್ಲಪ್ಪ ಎಂದು ಎದುರಿಗೆ ಕೂತು ಹೇಳುವ ಮೊದಲೇ ಅವರು ಹೋಗಿಬಿಟ್ಟರು. ಆ ಕೊರಗು ಇನ್ನೂ ಹೋಗಿಲ್ಲ. ನಿನ್ನ ಅಪ್ಪನೂ ಹಾಗೆಯೇ ಎಲ್ಲವನ್ನೂ ಒಳಗೇ ಇಟ್ಟುಕೊಳ್ಳುವವನು. ನೀನು ಬರೆದ ಆ ಮಾತು ಅವನ ಕಿವಿಗೆ ಬಿದ್ದಿದೆಯೇನೋ ಎಂಬುದೇ ನನ್ನ ಚಿಂತೆ.

ಟೆಕ್ಸಾಸಿನ ನಮ್ಮ ಮನೆಯ ವಿಳಾಸದಿಂದ ನಿನಗೇನಾದರೂ ಅನುಕೂಲವಾದೀತೇ ಎಂದು ನೋಡಿದೆ. ಆಗುವುದಿಲ್ಲ. ಅಪ್ಪನೋ ಅಮ್ಮನೋ ಇಲ್ಲಿ ವರ್ಷವಿಡೀ ನೆಲೆಸಿರಬೇಕು. ಇಲ್ಲವೇ ನೀನು 36 ತಿಂಗಳು ಇಲ್ಲಿದ್ದು ಇಲ್ಲಿನ ಹೈಸ್ಕೂಲಿನಲ್ಲೇ ಓದು ಮುಗಿಸಿರಬೇಕು. ದೊಡ್ಡಪ್ಪ ಇಲ್ಲಿರುವುದು ಲೆಕ್ಕಕ್ಕೆ ಬರುವುದಿಲ್ಲ.

ನನಗೆ ತಿಳಿದಷ್ಟು ಹೇಳುತ್ತೇನೆ, ಹೆಚ್ಚೆನಿಸಿದರೆ ಬಿಡು. ಅರ್ಜಿ ಹಾಕು, ಆದರೆ ಅದೊಂದನ್ನೇ ನೆಚ್ಚಿಕೊಳ್ಳಬೇಡ. ಮಿಷಿಗನ್‌ನ ರಾಸ್, ಇಂಡಿಯಾನಾದ ಕೆಲ್ಲಿ ಬಿಸಿನೆಸ್ ಸ್ಕೂಲುಗಳೆರಡೂ ಸಾರ್ವಜನಿಕ ವಿಶ್ವವಿದ್ಯಾಲಯಗಳವೇ, ಅಲ್ಲಿ ಇಂಥ ಶೇ 90ರ ಕಾನೂನಿಲ್ಲ. ನ್ಯೂಜೆರ್ಸಿಯದೇ ಆದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಂತೂ ನೀನೇ ಮನೆಯವಳು. ಶುಲ್ಕದ ಬಗ್ಗೆ ಅಪ್ಪನ ಜೊತೆ ಈಗಲೇ ಕೂತು ಮಾತಾಡು. ಆಸ್ಟಿನ್‌ನಲ್ಲಿ ಹೊರರಾಜ್ಯದವರು ಕಟ್ಟುವುದು ಇಲ್ಲಿನವರು ಕಟ್ಟುವುದರ ಮೂರು ಪಟ್ಟಿಗೂ ಹೆಚ್ಚು. ಅರ್ಜಿಯಲ್ಲಿ ಎರಡನೆಯ ಆಯ್ಕೆಯ ವಿಷಯವನ್ನು ಹೆಸರಿಗೆ ತುಂಬಬೇಡ, ನಿಜವಾಗಿ ಓದಬಲ್ಲೆ ಎನಿಸಿದ್ದನ್ನೇ ಬರೆ. ಪ್ರಬಂಧದ ಕರಡನ್ನು ದೊಡ್ಡಮ್ಮನಿಗೆ ಕಳುಹಿಸು, ತಪ್ಪು ಹಿಡಿಯುವುದರಲ್ಲಿ ಅವಳು ನನಗಿಂತ ಚುರುಕು.

ಇಂತಿ,
ನಿನ್ನ ದೊಡ್ಡಪ್ಪ