ಕೈಗವಸುಗಳ ಪರೀಕ್ಷಾ ಮಾಹಿತಿಯಲ್ಲಿನ ಲೋಪದ ಬಗ್ಗೆ ದೂರು

ಗೆ,
ಮುಖ್ಯಸ್ಥರು, ಗುಣಮಟ್ಟ ವಿಭಾಗ

ವಿಷಯ: ಬೇರೆ ಬೇರೆ ವಿಧಾನಗಳಲ್ಲಿ ನಡೆದ ಪರೀಕ್ಷೆಗಳ ಫಲಿತಾಂಶಗಳನ್ನು ಒಂದೇ ಕೋಷ್ಟಕದಲ್ಲಿ ಹೋಲಿಸಿರುವುದು.

ಮಾನ್ಯರೇ,

ನಮ್ಮ ಪ್ರಯೋಗಾಲಯದ ಸುರಕ್ಷತೆಯ ಹೊಣೆ ನನ್ನದು. ನಾವು ವರ್ಷಗಳಿಂದ ಬಳಸುತ್ತಿದ್ದ ನಿಮ್ಮ ನೈಟ್ರೈಲ್ (ಒಂದು ಬಗೆಯ ಕೃತಕ ರಬ್ಬರ್) ಕೈಗವಸುಗಳ ಬದಲಿಗೆ ಕಳೆದ ತಿಂಗಳು ತೆಳುವಾದ ಹೊಸ ಮಾದರಿಯನ್ನು ಕಳುಹಿಸಿದ್ದೀರಿ. ಮೆಥನಾಲ್ ಎಂಬ ವಿಷಕಾರಿ ದ್ರಾವಕವು ಹಳೆಯ ಕೈಗವಸನ್ನು ದಾಟಲು 62 ನಿಮಿಷ, ಹೊಸದನ್ನು ದಾಟಲು 68 ನಿಮಿಷ ಬೇಕೆಂದು ಜೊತೆಗಿದ್ದ ಮಾಹಿತಿ ಪತ್ರದಲ್ಲಿ ಅಕ್ಕಪಕ್ಕ ಮುದ್ರಿಸಿ, ಹೊಸದೇ ಹೆಚ್ಚು ಸುರಕ್ಷಿತ ಎಂದಿದ್ದೀರಿ. ಮೂಲ ವರದಿಗಳನ್ನು ತರಿಸಿಕೊಂಡು ಓದಿದ ಮೇಲೆ, ಆ ಮಾತಿಗೆ ಆಧಾರವಿಲ್ಲವೆಂದು ತಿಳಿದು ಈ ಪತ್ರ ಬರೆಯುತ್ತಿದ್ದೇನೆ.

ಹಳೆಯದನ್ನು ಅಮೆರಿಕದ ಮಾನಕವಾದ ಎಎಸ್‌ಟಿಎಂ ಎಫ್739 ವಿಧಾನದಂತೆ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪರೀಕ್ಷಿಸಲಾಗಿದ್ದು, ಚದರ ಸೆಂಟಿಮೀಟರಿಗೆ ನಿಮಿಷಕ್ಕೆ 0.1 ಮೈಕ್ರೋಗ್ರಾಂನಷ್ಟು ರಾಸಾಯನಿಕ ಒಳಬದಿಗೆ ನುಸುಳತೊಡಗಿದ ಕ್ಷಣವನ್ನು ಅಲ್ಲಿ ದಾಟಿದ ಸಮಯವೆಂದು ಎಣಿಸಲಾಗಿದೆ. ಹೊಸದನ್ನು ಯುರೋಪಿನ ಮಾನಕವಾದ ಇಎನ್ 16523-1 ವಿಧಾನದಂತೆ 23 ಡಿಗ್ರಿಯಲ್ಲಿ ಪರೀಕ್ಷಿಸಲಾಗಿದ್ದು, ಅಲ್ಲಿನ ಮಿತಿ 1 ಮೈಕ್ರೋಗ್ರಾಂ, ಅಂದರೆ ಹತ್ತು ಪಟ್ಟು. ಉಷ್ಣತೆ ಇಳಿದರೆ ನುಸುಳುವಿಕೆ ನಿಧಾನವಾಗುತ್ತದೆ, ಮಿತಿ ಏರಿದರೆ ಗಡಿಯಾರ ತಡವಾಗಿ ನಿಲ್ಲುತ್ತದೆ. ಎರಡೂ ವ್ಯತ್ಯಾಸಗಳು ಹೊಸ ಮಾದರಿಯ ಪರವಾಗಿಯೇ ಇರುವಾಗ ಹೆಚ್ಚುವರಿ 6 ನಿಮಿಷ ಕೈಗವಸಿನ ಗುಣದಿಂದ ಬಂದದ್ದೆಂದು ಹೇಳಲು ಸಾಧ್ಯವೇ ಇಲ್ಲ. ಒಂದೇ ವಿಧಾನದಲ್ಲಿ ಅಳೆದರೆ ಅದು ಹಳೆಯದಕ್ಕಿಂತ ಕಡಿಮೆ ರಕ್ಷಣೆ ನೀಡುವ ಸಾಧ್ಯತೆಯೇ ಹೆಚ್ಚೆಂದು ನನ್ನ ಅಂದಾಜು.

ಎರಡೂ ಮಾನ್ಯತೆ ಪಡೆದ ವಿಧಾನಗಳೇ ಎಂದು ನಿಮ್ಮ ಪ್ರತಿನಿಧಿ ಫೋನಿನಲ್ಲಿ ಉತ್ತರಿಸಿದರು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎರಡು ಅಳತೆಗೋಲುಗಳಿಂದ ಬಂದ ಅಂಕಿಗಳನ್ನು ಟಿಪ್ಪಣಿಯೂ ಇಲ್ಲದೆ ಹೋಲಿಸಿದರೆ, ಅದನ್ನು ನಂಬಿ ಕೆಲಸದ ಅವಧಿ ನಿಗದಿಪಡಿಸುವವರು ದಾರಿ ತಪ್ಪುತ್ತಾರೆ. ರಾಸಾಯನಿಕದ ಅಣುಗಳು ರಬ್ಬರಿನೊಳಗೆ ಕರಗಿ ಹಾದುಹೋಗುವುದರಿಂದ ರಂಧ್ರವಾಗಲಿ ಕಲೆಯಾಗಲಿ ಕಾಣಿಸುವುದಿಲ್ಲ. 1996ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪ್ರಾಧ್ಯಾಪಕಿ ಕ್ಯಾರೆನ್ ವೆಟರ್‌ಹಾನ್ ಅವರ ಲೇಟೆಕ್ಸ್ ಕೈಗವಸಿನ ಮೇಲೆ ಡೈಮೀಥೈಲ್ ಮರ್ಕ್ಯುರಿ ಎಂಬ ಪಾದರಸದ ವಿಷಕಾರಿ ಸಂಯುಕ್ತದ ಕೆಲವೇ ಹನಿಗಳು ಬಿದ್ದಿದ್ದವು. ಮರುವರ್ಷ ಅವರು ತೀರಿಕೊಂಡರು. ಆ ದ್ರವ ಅಂಥ ಕೈಗವಸನ್ನು 15 ಸೆಕೆಂಡುಗಳೊಳಗೇ ದಾಟುತ್ತದೆಂದು ಗೊತ್ತಾದದ್ದು ಅಪಘಾತದ ನಂತರ ನಡೆದ ಪರೀಕ್ಷೆಯಿಂದ.

ಆದ್ದರಿಂದ ಎರಡೂ ಮಾದರಿಗಳನ್ನು ಒಂದೇ ಪ್ರಯೋಗಾಲಯದಲ್ಲಿ, ಒಂದೇ ವಿಧಾನ ಹಾಗೂ ಉಷ್ಣತೆಯಲ್ಲಿ ಮರುಪರೀಕ್ಷೆ ಮಾಡಿಸಿ, 0.1 ಮತ್ತು 1 ಮೈಕ್ರೋಗ್ರಾಂ ಎರಡೂ ಮಿತಿಗಳ ಸಮಯವನ್ನು ತಿಳಿಸಬೇಕು. ಸರಾಸರಿಯ ಜೊತೆಗೆ ಪರೀಕ್ಷೆಗೆಂದು ಕೈಗವಸಿನಿಂದ ಕತ್ತರಿಸಿದ ಪ್ರತಿ ತುಣುಕಿನ ಫಲಿತಾಂಶ, ತುಣುಕಿನ ದಪ್ಪ ಮತ್ತು ಬಳಸಿದ ಉಪಕರಣದ ಪತ್ತೆಮಿತಿಯೂ (ಅದು ಗುರುತಿಸಬಲ್ಲ ಅತಿ ಕಡಿಮೆ ಪ್ರಮಾಣ) ವರದಿಯಲ್ಲಿರಲಿ. ಧರಿಸಿದ ಕೈಗವಸು ಚರ್ಮದ ಶಾಖಕ್ಕೆ ಬಿಸಿಯಾಗುವುದರಿಂದ 35 ಡಿಗ್ರಿಯ ಫಲಿತಾಂಶವನ್ನೂ ಕೊಟ್ಟರೆ ನಮಗೆ ನಿಜವಾದ ಉಪಯೋಗವಾಗುತ್ತದೆ.

ಈಗಿನ ಮಾಹಿತಿ ಪತ್ರವನ್ನು ತಕ್ಷಣ ಹಿಂಪಡೆದು, ಅದನ್ನು ಪಡೆದಿರುವ ಎಲ್ಲ ಗ್ರಾಹಕರಿಗೂ ವಿಷಯ ತಿಳಿಸಬೇಕೆಂದು ಕೋರುತ್ತೇನೆ. ಹೊಸ ಕೈಗವಸುಗಳ ಪೆಟ್ಟಿಗೆಗಳನ್ನು ನಾವು ತೆರೆಯದೆ ಪ್ರತ್ಯೇಕವಾಗಿ ಇರಿಸಿದ್ದೇವೆ. ಮರುಪರೀಕ್ಷೆಯ ವರದಿ ಕೈಸೇರುವವರೆಗೆ ಹಳೆಯ ಮಾದರಿಯನ್ನೇ ಪೂರೈಸಿ, ಹದಿನೈದು ದಿನಗಳೊಳಗೆ ಲಿಖಿತ ಉತ್ತರ ನೀಡಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಸುರಕ್ಷತಾ ಅಧಿಕಾರಿ