ಹೆರಿಗೆ ವಾರ್ಡಿನ ರಾತ್ರಿ ಪಾಳಿಗೆ ಇನ್ನೊಬ್ಬ ನರ್ಸ್ ಕೊಡಿ

ಮಾನ್ಯರೇ,

ಬಾಣಂತಿ ಸತ್ತ ಸುದ್ದಿ ಬಂದಾಗಲೆಲ್ಲ ಡಾಕ್ಟರ್ ಎಲ್ಲಿದ್ದರು, ಔಷಧಿ ಸರಿಯಿತ್ತಾ ಅಂತ ಕೇಳುತ್ತೇವೆ. ಕೇಳಲೇಬೇಕು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತಾಗ ಡ್ರಿಪ್ ದ್ರಾವಣದ ಮೇಲೆ ಅನುಮಾನ ಬಂದು ತನಿಖೆ ಆಯಿತು, ಅದು ಸರಿಯಾದದ್ದೇ. ಆದರೆ ರಾತ್ರಿ ವಾರ್ಡಿನಲ್ಲಿ ಎಷ್ಟು ಜನ ನರ್ಸ್ ಇರುತ್ತಾರೆ ಅಂತ ಕೇಳುವವರು ಕಡಿಮೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಳಾದವಳು ನಾನು, ಅದನ್ನೇ ಕೇಳುತ್ತಿದ್ದೇನೆ.

ಹೆರಿಗೆ ಆದ ಮೇಲಿನ ಮೊದಲ 2 ಗಂಟೆ ಬಹಳ ಎಚ್ಚರಿಕೆ ಬೇಕು. 15 ನಿಮಿಷಕ್ಕೊಮ್ಮೆ ತಾಯಿಯ ನಾಡಿ, ಬಿಪಿ ನೋಡಬೇಕು, ಹೊಟ್ಟೆ ಮುಟ್ಟಿ ಗರ್ಭಕೋಶ ಗಟ್ಟಿಯಾಗಿದೆಯಾ ಅಂತ ತಿಳಿದುಕೊಳ್ಳಬೇಕು, ಪ್ಯಾಡ್ ಎಷ್ಟು ನೆನೆದಿದೆ ನೋಡಬೇಕು. ರಕ್ತ ಹೋಗುತ್ತಿದ್ದರೂ ಎಷ್ಟೋ ತಾಯಂದಿರಿಗೆ ಗೊತ್ತಾಗುವುದಿಲ್ಲ, ಸುಸ್ತಾಗಿ ಮಲಗಿದ್ದಾಳೆ ಅಂತ ಮನೆಯವರು ಅಂದುಕೊಂಡಿರುತ್ತಾರೆ. ಅದೇ ಹೊತ್ತಿಗೆ ಪಕ್ಕದ ಟೇಬಲ್ ಮೇಲೆ ಇನ್ನೊಬ್ಬಳಿಗೆ ನೋವು ಜೋರಾಗಿರುತ್ತದೆ, ಅವಳ ಮಗುವಿನ ಎದೆಬಡಿತವನ್ನು ಅರ್ಧ ಗಂಟೆಗೊಮ್ಮೆ ಕೇಳಿ ಹೆರಿಗೆ ಹೇಗೆ ಸಾಗುತ್ತಿದೆ ಅಂತ ದಾಖಲಿಸುವ ಪಾರ್ಟೋಗ್ರಾಫ್ ಹಾಳೆಯಲ್ಲಿ ಗುರುತು ಹಾಕಬೇಕು, ಆ ಕಡೆ ಸಿಸೇರಿಯನ್ ಆದವರ ವಾರ್ಡಿನಿಂದ ಬಾಟಲ್ ಮುಗೀತು ಅಂತ ಯಾರೋ ಕೂಗುತ್ತಿರುತ್ತಾರೆ. ಒಬ್ಬಳಿಂದ ಆಗುವ ಕೆಲಸವಾ ಇದು?

ಒಂದು ರಾತ್ರಿ ಹೆರಿಗೆ ಮಾಡಿಸಿ ಕೈ ತೊಳೆದು ಬರುವಷ್ಟರಲ್ಲಿ ವಾರ್ಡಿನಲ್ಲಿದ್ದ ತಾಯಿಯ ಹಾಸಿಗೆ ನೆನೆದುಹೋಗಿತ್ತು. ಅವಳ ಅತ್ತೆ ಎರಡು ಸಲ ಬಂದು ಬಾಗಿಲು ಬಡಿದಿದ್ದರಂತೆ, ನನಗೆ ಕೇಳಿಸಿರಲಿಲ್ಲ. 108ರಲ್ಲಿ ಜಿಲ್ಲಾಸ್ಪತ್ರೆಗೆ ಕಳಿಸಿದೆವು, ಬದುಕಿಕೊಂಡಳು. ಆ ಅತ್ತೆಯ ಮುಖ ಮಾತ್ರ ಇವತ್ತಿಗೂ ಕಣ್ಣ ಮುಂದಿದೆ.

ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು ಅನ್ನುತ್ತದೆ ಭಾರತೀಯ ನರ್ಸಿಂಗ್ ಕೌನ್ಸಿಲ್. ನನ್ನ ರಾತ್ರಿ ಪಾಳಿಗಳಲ್ಲಿ 30 ದಾಟಿದ್ದೇ ಜಾಸ್ತಿ.

ಇರುವವರಲ್ಲೂ ಎಷ್ಟೋ ಜನ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆಯವರು. ಕೇಂದ್ರ ಶೇ 60, ರಾಜ್ಯ ಶೇ 40 ಅಂತ ಹಣ ಹಂಚಿಕೊಳ್ಳುವ ಯೋಜನೆ ಅದು, ಆದರೆ ಆ ಹುಡುಗಿಯರಿಗೆ ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಅನ್ನುವ ಚಿಂತೆ. ನವಜಾತ ಶಿಶು ಘಟಕದಲ್ಲಿ ಎರಡು ವರ್ಷ ಕಲಿತು ಕೈ ಪಳಗಿದ ಹುಡುಗಿ ಗಲ್ಫ್‌ಗೆ ಹೋಗುತ್ತಾಳೆ, ಅವಳನ್ನು ಬೈಯಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ. ಅವಳ ಜಾಗಕ್ಕೆ ಬಂದವಳಿಗೆ ಮತ್ತೆ ಮೊದಲಿಂದ ಕಲಿಸಬೇಕು, ಕಲಿಸುವುದಕ್ಕೂ ಜನ ಬೇಕು ಅಲ್ವಾ?

ಗುಣಮಟ್ಟಕ್ಕೆ ಯೋಜನೆಗಳಿಲ್ಲ ಅಂತಲ್ಲ. ಸ್ವಚ್ಛತೆಗೆ 2015ರಲ್ಲಿ ಕಾಯಕಲ್ಪ ಬಂತು, ಹೆರಿಗೆ ಕೋಣೆಗೆ 2017ರಲ್ಲಿ ಲಕ್ಷ್ಯ ಬಂತು. ಅವುಗಳಿಂದ ಕೈ ತೊಳೆಯುವ ಜಾಗ, ಪರದೆ, ಒಳ್ಳೆಯ ಟೇಬಲ್ ಎಲ್ಲ ಬಂದವು, ನಿಜವಾಗಿ ಉಪಕಾರವಾಯಿತು. ಆದರೆ ಪರಿಶೀಲನೆಗೆ ಬರುವವರು ನೋಡುವ ರಿಜಿಸ್ಟರ್‌ಗಳನ್ನು ಬರೆಯುವುದೂ ಅದೇ ನರ್ಸ್. ಬರೆಯುತ್ತಾ ಕೂತರೆ ತಾಯಿಯ ಹತ್ತಿರ ಯಾರು ನಿಲ್ಲಬೇಕು?

ನಾನು ಕೇಳುವುದು ಇಷ್ಟೇ. ಹೆರಿಗೆ ಕೋಣೆಗೆ ಒಬ್ಬರು, ಬಾಣಂತಿಯರ ವಾರ್ಡಿಗೆ ಇನ್ನೊಬ್ಬರು, ರಾತ್ರಿ ಈ ಇಬ್ಬರಿಗೂ ಬೇರೆ ಕೆಲಸ ಹೇಳಬಾರದು. ಇವತ್ತು ಪಾಳಿಯಲ್ಲಿ ಎಷ್ಟು ನರ್ಸ್, ಎಷ್ಟು ರೋಗಿಗಳು ಅಂತ ವಾರ್ಡಿನ ಹೊರಗೆ ಬೋರ್ಡಿನಲ್ಲಿ ಬರೆಯಲಿ. ನಿಮ್ಮ ವರದಿಗಾರರೂ ಒಂದು ಸಲ ರಾತ್ರಿ 2 ಗಂಟೆಗೆ ಯಾವುದಾದರೂ ತಾಲ್ಲೂಕು ಆಸ್ಪತ್ರೆಗೆ ಹೋಗಿ ಆ ಲೆಕ್ಕ ತೆಗೆದುಕೊಂಡು ಬಂದು ಅಚ್ಚು ಹಾಕಲಿ.

– ಒಬ್ಬ ನಿವೃತ್ತ ಸ್ಟಾಫ್ ನರ್ಸ್